ತಾಯಿ ಕಂಬ

ಕೆಳಗಿನ ಅಂಗಡಿಯಿಂದ,
ಭಾನುವಾರ, ಮಾರ್ಚ್ ೯, ಮಧ್ಯಾಹ್ನ

ಮಗಳಿಗೆ ಅಮ್ಮನ ಆಶೀರ್ವಾದ.

ನೀನು ಹೇಗಿದ್ದೀಯ? ಅಳಿಯಂದಿರ ಬೆನ್ನುನೋವು ಕಡಿಮೆಯಾಯಿತೆ? ಹಲ್ಲು ಬರುವಾಗ ಮಗುವಿಗೆ ಜ್ವರ ಬಂದಿತ್ತೆಂದು ನೀನು ಅಪ್ಪನಿಗೆ ಬರೆದಿದ್ದೆ. ಅದು ಹೋದ ವರ್ಷದ ಮಾತು, ಈಗ ಬಾಯಿ ತುಂಬ ಹಲ್ಲಿರಬೇಕು. ನಿನ್ನ ಕಾಗದಗಳನ್ನು ಅವರಿಗೆ ಓದಿ ಹೇಳುವವಳು ನಾನೇ ಎಂದು ನಿನಗೆ ಗೊತ್ತು. ಆದರೂ 'ಅಪ್ಪಾ' ಎಂದು ಶುರುಮಾಡಿ 'ಅಪ್ಪಾ' ಎಂದೇ ಮುಗಿಸುತ್ತೀಯ. ಇರಲಿ. ಓದುವಾಗ ನಾನು ಒಂದಕ್ಷರ ಬಿಟ್ಟಿಲ್ಲ, ಒಂದಕ್ಷರ ಸೇರಿಸಿಲ್ಲ. ನಿಮ್ಮಪ್ಪನ ಎರಡೂ ಕಣ್ಣಿನ ಪೊರೆ ಬಲಿತಿದೆ, ಇಪ್ಪತ್ತನಾಲ್ಕಕ್ಕೆ ಆಪರೇಷನ್ ಎಂದು ಗೊತ್ತಾಗಿಯೇ ನೀನು ಇಪ್ಪತ್ತಕ್ಕೆ ಹೊರಟಿರುವೆ. ಅವರು ಗಟ್ಟಿಯಾಗಿದ್ದಾರೆ. ನಾನೂ ಇದ್ದೇನೆ, ಮೊಣಕಾಲು ಬಿಟ್ಟರೆ.

ಈಗ ವಿಷಯ. ಇಪ್ಪತ್ತನೇ ತಾರೀಖಿಗೆ ಮಗುವನ್ನು ಕರೆದುಕೊಂಡು ಈ ಮನೆಗೆ ಬರಬೇಡ.

ಇಷ್ಟು ಓದಿ ಕಾಗದ ಮಡಿಸಿಬಿಡುತ್ತೀಯ. ನನ್ನ ಹಟವೇ ನಿನಗೂ ಬಂದಿರುವುದು. ಮಡಿಸಬೇಡ. ಆರು ವರ್ಷದ ಮೇಲೆ ಬರುತ್ತೇನೆಂದು ಮೂರು ಸಾಲಿನ ಕಾರ್ಡು ಹಾಕಿದ ಮಗಳಿಗೆ ಹೀಗೆ ಬರೆಯಲು ಕೈ ಬಾರದೆ ಎರಡು ಹಾಳೆ ಹರಿದುಹಾಕಿದ್ದೇನೆ. ನಿನ್ನ ಮೇಲಿನ ಸಿಟ್ಟಿಗೆ ಹೇಳಿದ ಮಾತಲ್ಲ ಇದು. ನಮ್ಮ ಮನೆಯ ಮೆಟ್ಟಿಲು ನಡೆಯುವ ಮಗುವಿಗೆ ತಕ್ಕದ್ದಲ್ಲ. ಅದನ್ನು ಹಾಗೆ ಮಾಡಿದವಳು ನಾನು. ಗುರುವಾರ ಒಂದು ಮಗು ಆ ಮೆಟ್ಟಿಲಿನಲ್ಲಿ ಹೋಗಿಬಿಡುತ್ತಿತ್ತು. ಹೇಗೆಂದು ಹೇಳಬೇಕಾದರೆ ಮೊದಲಿನಿಂದ ಹೇಳಬೇಕು. ನಡುವೆ ಬಿಟ್ಟು ಕೊನೆಗೆ ಹಾರುವುದು ಬೇಡ. ಚಿಕ್ಕಂದಿನಲ್ಲಿ ನೀನು ಪಾಠವನ್ನೂ ಹಾಗೆಯೇ ಓದುತ್ತಿದ್ದೆ.

ಹೋದ ಜೂನಿನಲ್ಲಿ ಡಾಕ್ಟರು ನನ್ನ ಮೊಣಕಾಲು ಒತ್ತಿ ನೋಡಿ, ಇನ್ನು ಹೊಲಿಗೆ ಯಂತ್ರ ತುಳಿದರೆ ಕೋಲು ಹಿಡಿಯಬೇಕಾಗುತ್ತದೆ ಎಂದರು. ಮೂವತ್ತೆಂಟು ವರ್ಷ ತುಳಿದ ಕಾಲು. ಯಂತ್ರವನ್ನು ಕಾಜದವಳಿಗೆ ಬಿಟ್ಟುಕೊಟ್ಟೆ. ಅವಳು ನೀನು ಹೋದ ಮೇಲೆ ಕೆಲಸಕ್ಕೆ ಬಂದವಳು. ಅಂಗಿಗೆ ಗುಂಡಿ ತೂರುವ ಕಾಜ ಹಾಕುವುದರಲ್ಲಿ ಅವಳಿಗೆ ಸಮ ಇಲ್ಲ, ಅದಕ್ಕೇ ಆ ಹೆಸರು. ನಾನು ಬಟ್ಟೆ ಕತ್ತರಿಸುವುದನ್ನು ಮಾತ್ರ ಇಟ್ಟುಕೊಂಡೆ. ಆದರೆ ಸಂಜೆ ಹೊತ್ತು ಕೈ ಸುಮ್ಮನಿರಬೇಕಲ್ಲ? ಸುಮ್ಮನೆ ಕೂತರೆ ಎಲ್ಲರ ಕೆಲಸದಲ್ಲೂ ತಪ್ಪು ಕಾಣುತ್ತದೆ, ಕಂಡರೆ ಹೇಳದಿರಲು ನನ್ನಿಂದಾಗದು. "ಲೇ, ನಿನ್ನ ಕೈಗೊಂದು ಕೆಲಸ ಹುಡುಕ್ಕೋ, ಇಲ್ಲಾಂದ್ರೆ ನಿನ್ನ ಬಾಯಿ ನಮ್ಮನ್ನೆಲ್ಲ ಹೊಲಿದುಬಿಡುತ್ತೆ" ಎಂದರು ನಿಮ್ಮಪ್ಪ. ನಮ್ಮ ಹಿಂದಿನ ಬೀದಿಯಲ್ಲಿ ಲೇತಿನ ಮೇಲೆ ಮರ ಕಡೆಯುವ ಮೇಸ್ತ್ರಿ ಇದ್ದಾನಲ್ಲ, ಮಂಚದ ಕಾಲು, ಉಳಿಯ ಹಿಡಿ ಮಾಡುವವನು, ಅವನು ಭಾನುವಾರದ ಬೆಳಿಗ್ಗೆ ಹವ್ಯಾಸಕ್ಕೆಂದು ಬಂದವರಿಗೆ ಕಲಿಸುತ್ತಾನೆ ಎಂದು ತಿಳಿಯಿತು. ಹೋದೆ. ನನ್ನ ಜೊತೆ ಒಬ್ಬ ನಿವೃತ್ತ ಹೆಡ್‌ಮಾಸ್ಟರು ಸೇರಿದ್ದರು. ಮೂರು ವಾರ ಬುಗುರಿ ಮಾಡಿ, ಒಂದೂ ತಿರುಗದೆ, ತಪ್ಪು ನೆಲದ್ದು ಎಂದು ಹೇಳಿ ಬಿಟ್ಟುಹೋದರು.

ಹೊಲಿಗೆಯಲ್ಲಿ ಓಡುವುದು ಸೂಜಿ. ಇಲ್ಲಿ ಎರಡು ಮೊನೆಗಳ ನಡುವೆ ಸಿಕ್ಕಿಸಿದ ಮರವೇ ಗಿರ್ರೆಂದು ತಿರುಗುತ್ತದೆ, ಉಳಿಯನ್ನು ಕಬ್ಬಿಣದ ಪಟ್ಟಿಗೆ ಊರಿ ಅಲುಗದಂತೆ ಹಿಡಿಯಬೇಕು. ಸಿಪ್ಪೆ ರಿಬ್ಬನ್ನಿನ ಹಾಗೆ ಸುತ್ತಿಕೊಂಡು ಬರುತ್ತದೆ. ಎರಡನೆಯ ಭಾನುವಾರ ನಾನು ಉಳಿಯನ್ನು ಒಂದು ಕೂದಲಿನಷ್ಟು ಓರೆ ಮಾಡಿದೆ. ಮೊಳದುದ್ದದ ಮರ ಕಿತ್ತುಕೊಂಡು ನನ್ನ ಕಿವಿಯ ಪಕ್ಕದಲ್ಲೇ ಹಾದು ಹಿಂದಿನ ಗೋಡೆಗೆ ಬಡಿಯಿತು. ಗಾರೆ ಉದುರಿತು. ಮೇಸ್ತ್ರಿ ಯಂತ್ರ ನಿಲ್ಲಿಸಿ, "ಇದು ಬಟ್ಟೆ ಅಲ್ಲ ಅಮ್ಮಾವ್ರೇ. ನೀವು ತಪ್ಪು ಮಾಡಿದ್ರೆ ಬಟ್ಟೆ ಸುಮ್ನೆ ಬಿದ್ದಿರುತ್ತೆ. ಇದು ಹೊಡೆಯುತ್ತೆ" ಎಂದ. ನನಗೆ ಹೆದರಿಕೆಯಾಯಿತೆಂದು ಅವನಿಗೆ ತೋರಿಸಿಕೊಳ್ಳಲಿಲ್ಲ. ನಿನಗೂ ಈಗಲೇ ಹೇಳುತ್ತಿರುವುದು. ಮೊದಲ ಕೆಲಸ ಲಟ್ಟಣಿಗೆ. ತೋಳಿನಷ್ಟು ದಪ್ಪದ ಮರ ಏರಿಸಿ, ಇಲ್ಲಿ ಸ್ವಲ್ಪ, ಅಲ್ಲಿ ಸ್ವಲ್ಪ ಎಂದು ಸಮ ಮಾಡುತ್ತ ಹೋಗಿ, ಕೊನೆಗೆ ಬೆನ್ನು ಕೆರೆದುಕೊಳ್ಳುವ ಕಡ್ಡಿ ಇಳಿಸಿಕೊಂಡು ಬಂದೆ. ನಿಮ್ಮಪ್ಪ ಇವತ್ತಿಗೂ ಅದಕ್ಕೇ ಅದನ್ನು ಬಳಸುತ್ತಾರೆ. ಅವತ್ತು ನಾನೂ ನಕ್ಕಿದ್ದೆ. ಕೈ ನನಗೆ ಅರಿವಿಲ್ಲದೆ ತೆಳುವಿನ ಕಡೆಗೇ ಹೋಗುತ್ತದೆ ಎಂದು ಅವತ್ತೇ ತಿಳಿದುಕೊಳ್ಳಬೇಕಿತ್ತು.

ನಮ್ಮ ಮೆಟ್ಟಿಲು ನಿನಗೆ ಮರೆತಿರುವುದಿಲ್ಲ. ಅಂಗಡಿಯ ಹಿಂಗೋಡೆಗೆ ಅಂಟಿಕೊಂಡು ಹದಿಮೂರು ಮೆಟ್ಟಿಲು ಮೇಲಿನ ಮನೆಗೆ ಹೋಗುತ್ತವೆ. ಒಂದು ಕಡೆ ಗೋಡೆ, ಇನ್ನೊಂದು ಕಡೆ ಕಟಕಟೆ. ಮೆಟ್ಟಿಲಿಗೆ ಎರಡರಂತೆ ಇಪ್ಪತ್ತಾರು ಗಿಡ್ಡ ಕಂಬಗಳು, ಅವುಗಳ ತಲೆಯ ಮೇಲೆ ಉದ್ದಕ್ಕೂ ಕೈ ಹಿಡಿಯುವ ಪಟ್ಟಿ. ನೀನು ಆ ಪಟ್ಟಿಯ ಮೇಲೆ ಜಾರಿ ಬಂದು ಹಲ್ಲು ಮುರಿದುಕೊಂಡದ್ದು ಕೆಳಗಿನ ಇಸ್ತ್ರಿ ಮೇಜಿಗೆ ಬಡಿದು. ಮೇಜು ಈಗಲೂ ಅಲ್ಲೇ ಇದೆ. ಆಗಸ್ಟಿನಲ್ಲಿ ಒಂದು ಬೆಳಿಗ್ಗೆ ನಿಮ್ಮಪ್ಪ ಹಿಡಿದ ಕಂಬ ಬಿಸ್ಕತ್ತಿನ ಹಾಗೆ ಪುಡಿಯಾಯಿತು. ಗೆದ್ದಲು. ಇಪ್ಪತ್ತೈದು ಕಂಬಗಳು ಹೊರಗೆ ಬಣ್ಣ, ಒಳಗೆ ಮಣ್ಣು. ಒಂದೇ ಒಂದು ಗಟ್ಟಿಯಾಗಿತ್ತು. ಬಡಗಿಯನ್ನು ಕರೆಸಿದರೆ, ಕಬ್ಬಿಣದ ಪೈಪು ಹಾಕಿಸಿಬಿಡಿ ಎಂದ. ಇದು ಮನೆಯೋ ಆಸ್ಪತ್ರೆಯ ವಾರ್ಡೋ ಎಂದು ಕೇಳಿ ಕಳಿಸಿದೆ. ನಾನೇ ಕಡೆಯುತ್ತೇನೆಂದು ಮೇಸ್ತ್ರಿಗೆ ಹೇಳಿದೆ. "ಒಂದು ಕಂಬ ಮಾಡೋದು ಹವ್ಯಾಸ ಅಮ್ಮಾವ್ರೇ. ಇಪ್ಪತ್ತೈದು ಒಂದೇ ಥರ ಮಾಡೋದು ಕಸುಬು" ಎಂದ. ಕಸುಬು ಏನೆಂದು ನನಗೆ ಹೇಳಿಕೊಡಬೇಡ, ಮೂವತ್ತೆಂಟು ವರ್ಷದಿಂದ ಈ ಬೀದಿಯ ಮಕ್ಕಳೆಲ್ಲ ಒಂದೇ ಥರದ ಅಂಗಿ ಹಾಕಿಕೊಂಡು ಶಾಲೆಗೆ ಹೋಗಿದ್ದು ನನ್ನ ಕೈಯಿಂದ ಎಂದೆ.

ಆ ಗಟ್ಟಿ ಕಂಬವನ್ನು ಅವನು ತನ್ನ ಗೋಡೆಯ ಮೊಳೆಗೆ ನೇತುಹಾಕಿ ಒಂದು ಮಾತು ಹೇಳಿದ. "ಇದು ತಾಯಿ. ನೀವು ಮಾಡೋದೆಲ್ಲ ಮಕ್ಕಳು. ಪ್ರತಿ ಸಲ ತಾಯಿ ಮೈಯಿಂದ ಅಳತೆ ತಗೊಳ್ಳಿ. ಮಕ್ಕಳ ಮೈಯಿಂದ ತಗೋಬೇಡಿ." ಅವರ ಕೆಲಸದಲ್ಲಿ ಮಾದರಿಗೆ ತಾಯಿ ಎಂದೇ ಹೆಸರಂತೆ. ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಅಂಗಡಿಗೆ ಬಂದು ಎಲ್ಲರಿಗೂ ಹೇಳಿದೆ. ಅಳತೆಗೆ ಏಡಿಯ ಕೊಂಡಿಯ ಹಾಗೆ ಬಾಗಿದ ಎರಡು ಕಾಲಿನ ಕ್ಯಾಲಿಪರು. ತಾಯಿಯ ಹೊಟ್ಟೆಗೆ ಅದನ್ನು ತಾಗಿಸಿ ತಿರುಪು ಬಿಗಿದು, ಕಡೆಯುತ್ತಿರುವ ಮರಕ್ಕೂ ಅಷ್ಟೇ ತಾಗುವವರೆಗೆ ಕಡೆಯಬೇಕು, ಆಮೇಲೆ ಸ್ಯಾಂಡ್‌ಪೇಪರಿನಿಂದ ಉಜ್ಜಿ ನಯ ಮಾಡಬೇಕು. ಮೊದಲ ಎರಡು ಕಂಬಗಳನ್ನು ಅವನ ಕಣ್ಣೆದುರಿಗೇ ಮಾಡಿದೆ. ಅವನು ಬೆರಳಾಡಿಸಿ ನೋಡಿ ತಲೆಯಾಡಿಸಿದ. ಸೆಪ್ಟೆಂಬರಿನ ಕೊನೆಗೆ ಅವನ ಅಣ್ಣನಿಗೆ ಒಂದು ಪಾರ್ಶ್ವ ಬಿದ್ದುಹೋಯಿತು. ಕಾರ್ಖಾನೆಯ ಬೀಗದ ಕೈಯನ್ನು ನನಗೆ ಕೊಟ್ಟು ಅಣ್ಣನ ಊರಿಗೆ ಹೋದವನು ಬಂದದ್ದು ಮೊನ್ನೆ ಶುಕ್ರವಾರ.

ಅವನು ಹೋದ ವಾರವೇ ನಾನು ತಾಯಿ ಕಂಬವನ್ನು ಮೊಳೆಯಿಂದ ಇಳಿಸಿ ತಂದು ಮೊದಲ ಮೆಟ್ಟಿಲಿಗೆ ಕೂರಿಸಿಬಿಟ್ಟೆ. ನಿಮ್ಮಪ್ಪ ಕಣ್ಣು ಕಾಣದೆ ಮೊದಲ ಮೆಟ್ಟಿಲಿಗೇ ತಡವರಿಸುತ್ತಿದ್ದರು, ಗಟ್ಟಿ ಕಂಬ ಅಲ್ಲಿರಲಿ ಎಂಬುದೊಂದು. ಬಂದವರ ಕಣ್ಣಿಗೆ ಮೊದಲು ಬೀಳುವುದು ಅದೇ ಎಂಬುದು ಇನ್ನೊಂದು. ಆಮೇಲೆ ಪ್ರತಿ ವಾರ ಹೊಸ ಕಂಬ ಕಡೆಯಲು ಹೋಗುವಾಗ ಹಿಂದಿನ ವಾರದ್ದನ್ನು ಕಂಕುಳಲ್ಲಿ ಇಟ್ಟುಕೊಂಡು ಹೋಗುತ್ತಿದ್ದೆ. ಅದರಿಂದ ಅಳತೆ ತೆಗೆದು ಹೊಸದನ್ನು ಮುಗಿಸಿ, ಹಿಂದಿನದನ್ನು ಮೆಟ್ಟಿಲಿಗೆ ಕೂರಿಸುವುದು. ವಾರಕ್ಕೊಂದರಂತೆ ಕಟಕಟೆ ಮೇಲಕ್ಕೆ ಏರುತ್ತ ಹೋಯಿತು. ಅಕ್ಕಪಕ್ಕದ ಯಾವ ಎರಡು ಕಂಬ ನೋಡಿದರೂ ಅವಳಿಜವಳಿ. ಬಟ್ಟೆ ಕೊಡಲು ಬಂದವರೆಲ್ಲ ಕತ್ತೆತ್ತಿ ನೋಡಿ, ಅಂಗಡಿಯಿಂದ ತಂದದ್ದಾ ಎಂದು ಕೇಳುತ್ತಿದ್ದರು. ನಾನು ಉತ್ತರ ಕೊಡುವ ಮೊದಲು ಕತ್ತರಿ ಕೆಳಗಿಡುತ್ತಿದ್ದೆ.

ಮನೆ ನನಗೆ ಮೊದಲೇ ಹೇಳುತ್ತಿತ್ತು. ಜನವರಿಯಲ್ಲಿ ಬೆಕ್ಕು ಮೇಲಿನ ಮೆಟ್ಟಿಲುಗಳ ಕಂಬಗಳ ನಡುವೆ ತೂರಿ ಇಸ್ತ್ರಿ ಮೇಜಿನ ಮೇಲೆ ಹಾರಿತು. ಅಷ್ಟು ವರ್ಷದಿಂದ ಅದೇ ಮನೆಯಲ್ಲಿದ್ದ ಬೆಕ್ಕು ಒಂದು ದಿನವೂ ಹಾಗೆ ಬಂದದ್ದಿರಲಿಲ್ಲ. ವಯಸ್ಸಾಗಿ ಬಡವಾಗಿದೆ ಎಂದುಕೊಂಡೆ. ಇನ್ನೊಂದು ದಿನ ಮೇಲಿಂದ ಉರುಳಿದ ದೊಡ್ಡ ದಾರದ ಉಂಡೆ ಕಂಬಗಳಿಗೆ ತಗುಲಿ ನಿಲ್ಲದೆ ನೇರ ಕೆಳಗೆ ಬಂದು ಇಸ್ತ್ರಿಯವನ ಕೈಪಕ್ಕ ಬಿತ್ತು. ಕೆಳಗೆ ನಿಂತು ನೋಡಿದರೆ ಮೇಲಿನ ಕಂಬಗಳು ಸಣ್ಣಗೆ ಕಾಣುತ್ತಿದ್ದವು. ದೂರದ್ದು ಸಣ್ಣಗೆ ಕಾಣಲೇಬೇಕಲ್ಲ ಎಂದು ಬಿಟ್ಟೆ. ತಿಳಿದದ್ದು ನಿಮ್ಮಪ್ಪನೊಬ್ಬರಿಗೆ. ಪ್ರೆಸ್ಸಿನಲ್ಲಿ ಅಕ್ಷರದ ಅಚ್ಚುಮೊಳೆ ಜೋಡಿಸಿದ ಬೆರಳು. ಕಣ್ಣು ಹೋದ ಮೇಲೆ ಅವರು ಕಂಬಗಳನ್ನು ಒಂದೊಂದಾಗಿ ಮುಟ್ಟಿ ಎಣಿಸುತ್ತ ಏರುತ್ತಾರೆ. ಫೆಬ್ರವರಿಯಲ್ಲಿ ಒಂದು ಸಂಜೆ ಮೇಲೆ ನಿಂತು, "ಮೇಲೆ ಹೋಗ್ತಾ ಹೋಗ್ತಾ ಇವು ಬಡವಾಗ್ತಿವೆ ಕಣೇ" ಎಂದರು. "ನಿಮ್ಮ ಬೆರಳಿಗೂ ಪೊರೆ ಬಂತೇನು?" ಎಂದೆ. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಅವರೂ ನಕ್ಕರು. ಅವರು ಹೇಳಿದ್ದು ತಮಾಷೆಗಲ್ಲ, ನಕ್ಕದ್ದು ನನಗೆ ಬೇಸರವಾಗದಿರಲಿ ಎಂದು.

ಇಲ್ಲಿಗೆ ಬರೆದು ಏಳಬೇಕಾಯಿತು. ಮೆಟ್ಟಿಲಿನ ಬುಡಕ್ಕೆ ನಾನು ಹಗ್ಗ ಕಟ್ಟಿದ್ದೇನೆ, ನಿಮ್ಮಪ್ಪ ಬಿಚ್ಚಿಕೊಂಡು ಮೇಲೆ ಹೋಗಿದ್ದಾರೆ, ರೇಡಿಯೋ ತರಲಿಕ್ಕಂತೆ. ಗೋಡೆ ಹಿಡಿದುಕೊಂಡು ಇಳೀರಿ ಎಂದು ಕೂಗಿದರೆ, "ಮೂವತ್ತು ವರ್ಷ ಗೋಡೆ ಹಿಡಿದವನಲ್ಲ ನಾನು" ಎನ್ನುತ್ತಾರೆ. ಅವರ ಕೈ ಕಂಬದಿಂದ ಕಂಬಕ್ಕೆ ಬರುವ ಸದ್ದು ಇಲ್ಲಿಗೆ ಕೇಳುತ್ತದೆ. ಇಪ್ಪತ್ತಾರು. ಇಪ್ಪತ್ತೈದು. ಆಮೇಲೆ ಸದ್ದಿಲ್ಲ. "ಇಪ್ಪತ್ನಾಲ್ಕು ಎಲ್ಲೇ?" ಎಂದರು. ಹೋಗಿ ತೋಳು ಹಿಡಿದು ಇಳಿಸಿಕೊಂಡು ಬಂದೆ. ಈಗ ಯಂತ್ರದ ಪಕ್ಕ ಕೂತು ರೇಡಿಯೋ ತಿರುಗಿಸುತ್ತಿದ್ದಾರೆ. ಇಪ್ಪತ್ತನಾಲ್ಕನೆಯದು ಇಲ್ಲ. ಅದನ್ನು ಮುರಿದವಳು ನಾನೇ.

ಕಾಜದವಳಿಗೆ ಎರಡು ವರ್ಷದ ಮಗಳಿದ್ದಾಳೆ. ಗುಂಡುಗುಂಡಾಗಿದ್ದಾಳೆಂದು ಅಂಗಡಿಯಲ್ಲಿ ಅವಳನ್ನು ಗುಂಡಿ ಎಂದೇ ಕರೆಯುವುದು. ತಾಯಿ ಕಾಜ ಹಾಕುವಾಗ ಅವಳು ಬಟ್ಟೆಯ ಚೂರುಗಳ ಮೇಲೆ ಕೂತು ಆಡುತ್ತಾ ಇರುತ್ತಾಳೆ. ಗುರುವಾರ ಮಧ್ಯಾಹ್ನ ಅವಳು ಬೆಕ್ಕಿನ ಹಿಂದೆ ಮೆಟ್ಟಿಲು ಹತ್ತಿದ್ದನ್ನು ನಾನು ನೋಡಿದೆ, ಬೇಕೆಂದೇ ಬಿಟ್ಟೆ. ಹೊಸ ಕಟಕಟೆ ಇದೆಯಲ್ಲ, ಬೀಳುವ ಮಾತೆಲ್ಲಿ ಎಂದು. ನಾಲ್ಕು ಯಂತ್ರಗಳ ಸದ್ದು. ಅಳು ಕೇಳಲಿಲ್ಲ. ಅತ್ತಿದ್ದರೆ ಕೇಳುತ್ತಿತ್ತು, ಆದರೆ ಅಳಲು ಅವಳಿಗೆ ಉಸಿರಿರಲಿಲ್ಲ. ಇಸ್ತ್ರಿಯವನು ನೀರು ಚಿಮುಕಿಸಲು ಕತ್ತೆತ್ತಿದವನು ಹಾಗೇ ನಿಂತ. ಅವನ ತಲೆಯ ಮೇಲೆ, ಗಾಳಿಯಲ್ಲಿ, ಎರಡು ಪುಟ್ಟ ಕಾಲುಗಳು. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು. ಬೆಕ್ಕು ತೂರಿದ ಕಡೆಯೇ ಮಗುವೂ ಕಾಲು ತೂರಿಸಿದೆ, ಕಾಲಿನ ಹಿಂದೆ ಮೈ ಹೋಗಿದೆ, ತಲೆ ಹೋಗಿಲ್ಲ. ಇಪ್ಪತ್ತಮೂರು, ಇಪ್ಪತ್ತನಾಲ್ಕನೆಯ ಕಂಬಗಳ ನಡುವೆ ಗದ್ದ ಸಿಕ್ಕಿಕೊಂಡು ಮಗು ನೇತಾಡುತ್ತಿತ್ತು.

ಇಸ್ತ್ರಿಯವನು ಮೇಜು ಹತ್ತಿ ಪಾದಗಳನ್ನು ಎರಡೂ ಅಂಗೈಯಲ್ಲಿ ಎತ್ತಿ ಹಿಡಿದ. ಬಿಸಿ ಇಸ್ತ್ರಿಪೆಟ್ಟಿಗೆ ಅವನ ಕಾಲಿನ ಪಕ್ಕದಲ್ಲೇ ಇತ್ತು, ಕೆಳಗಿನ ಬಟ್ಟೆ ಹೊಗೆಯಾಡುತ್ತಿತ್ತು. ನಾನು ಯಾವ ಮೊಣಕಾಲಿನಲ್ಲಿ ಹತ್ತಿದೆನೋ ಗೊತ್ತಿಲ್ಲ. ಕಂಬವನ್ನು ಎರಡೂ ಕೈಯಿಂದ ಹಿಡಿದು ಎಳೆದೆ. ಪಟ್ಟೆಂದು ಮುರಿಯಿತು. ಒಂದೇ ಎಳೆತಕ್ಕೆ, ನನ್ನಂಥ ಅರವತ್ತಮೂರು ವರ್ಷದವಳ ಎಳೆತಕ್ಕೆ. ಅದು ಗಟ್ಟಿಯಿದ್ದಿದ್ದರೆ ಆ ಹೊತ್ತಿಗೆ ಏನು ಮಾಡುತ್ತಿದ್ದೆ? ಗಟ್ಟಿಯಿದ್ದಿದ್ದರೆ ಮಗು ತೂರುತ್ತಲೇ ಇರಲಿಲ್ಲ ಎಂಬುದೂ ಅಷ್ಟೇ ನಿಜ. ನಾಲ್ಕು ದಿನದಿಂದ ಈ ಎರಡು ಮಾತು ನನ್ನೊಳಗೆ ಸರದಿಯಲ್ಲಿ ತಿರುಗುತ್ತಿವೆ. ಮಗುವಿನ ಗದ್ದದ ಕೆಳಗೆ ಕಿವಿಯಿಂದ ಕಿವಿಗೆ ಕೆಂಪು ಗೆರೆ ಬಿದ್ದಿತ್ತು. ಡಾಕ್ಟರು ನೋಡಿ, ಏನೂ ಆಗಿಲ್ಲ, ಇನ್ನೊಂದೆರಡು ನಿಮಿಷ ಆಗಿದ್ದರೆ ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದರು. ಕಾಜದವಳು ಮಾರನೆಯ ದಿನ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಬಂದಳು, ಮಗುವನ್ನು ಅತ್ತೆಯ ಹತ್ತಿರ ಬಿಟ್ಟು. ನಾನು ಬಾಯಿ ತೆರೆಯುವ ಮೊದಲೇ "ಏನಿಲ್ಲ ಬಿಡಿ ಅಮ್ಮಾ" ಎಂದಳು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಈಗ ಯಾರೂ ಕಟಕಟೆಯ ಕೆಳಗೆ ಕೂರುವುದಿಲ್ಲ. ಹೇಳದೆಯೇ ಸ್ಟೂಲುಗಳೆಲ್ಲ ಬೀದಿಯ ಕಡೆಗೆ ಸರಿದಿವೆ.

ಗುರುವಾರ ಅಂಗಡಿ ಮುಚ್ಚಿದ ಮೇಲೆ ಕುತ್ತಿಗೆಯ ಟೇಪು ತೆಗೆದು ಕೆಳಗಿನಿಂದ ಮೇಲಿನವರೆಗೆ ಅಳೆದೆ. ತಾಯಿ ಕಂಬದ ಹೊಟ್ಟೆ ಎರಡೂವರೆ ಇಂಚು. ಕೊನೆಯದರದು ಒಂದೂಕಾಲು. ಕೆಳಗೆ ಎರಡು ಕಂಬಗಳ ನಡುವೆ ಮೂರು ಇಂಚು, ಮೇಲೆ ನಾಲ್ಕೂಕಾಲು. ಹೇಗೆಂದು ಹೊಳೆಯಲಿಲ್ಲ, ಪ್ರತಿ ಸಲ ಅಳೆದೇ ಕಡೆದಿದ್ದೇನೆ. ಶನಿವಾರ ಮೇಸ್ತ್ರಿ ಬಂದ. ಏನೂ ಕೇಳದೆ ಕಂಬಗಳ ಮೇಲೆ ಕೈಯಾಡಿಸುತ್ತ ಹತ್ತಿದ, ಮುರಿದ ಜಾಗದ ಹತ್ತಿರ ಮೆಟ್ಟಿಲ ಮೇಲೇ ಕೂತುಬಿಟ್ಟ. "ತಾಯಿ ಎಲ್ಲಿ ಅಮ್ಮಾವ್ರೇ?" ಎಂದ. ಕೆಳಗೆ ಬೆರಳು ತೋರಿಸಿದೆ. ಆಮೇಲೆ ಅವನು ಹೇಳಿದ್ದನ್ನು ಒಂದು ಮಗುವಿಗೂ ಹೇಳಬಹುದು. ಹಿಂದಿನ ವಾರದ ಕಂಬ ಉಜ್ಜಿ ನಯ ಮಾಡಿದ್ದು, ಉಜ್ಜುವಾಗ ಕೂದಲಿನಷ್ಟು ಸವೆದದ್ದು. ಆ ಸವೆದ ಮೈಯಿಂದ ನಾನು ಅಳತೆ ತೆಗೆದೆ. ಅಷ್ಟಕ್ಕೆ ಹೊಸದನ್ನು ಕಡೆದು, ಅದನ್ನೂ ಉಜ್ಜಿದೆ. ಹೀಗೆ ಒಂದರ ಮೇಲೊಂದು ಸವೆದು ಮೇಲೆ ಹೋಗುವ ಹೊತ್ತಿಗೆ ಕಂಬ ಅರ್ಧವಾಗಿತ್ತು. ನನಗೆ ಬೈದಿದ್ದರೆ ಸಹಿಸಬಹುದಿತ್ತು. "ಕೆಲಸ ಚೆನ್ನಾಗಿದೆ. ಒಂದೊಂದೂ ಬಿಡಿಯಾಗಿ ನೋಡಿದ್ರೆ ಚೆನ್ನಾಗಿದೆ" ಎಂದು ಹೇಳಿ ಹೋದ.

ಅವನು ಹೋದ ಮೇಲೆ ನನಗೆ ನಿನ್ನ ಮೂವತ್ತಾರು ಅಂಗಿಗಳು ನೆನಪಾದವು. ಅವು ನಿನಗೂ ಮರೆತಿರುವುದಿಲ್ಲ. ಶಾಲೆಯ ನೀಲಿ ಅಂಗಿ. ಕತ್ತರಿಸಲು ರಟ್ಟಿನ ಮಾದರಿ ಕೊಟ್ಟಿದ್ದೆ. ನೀನು ಅದನ್ನು ಮೂಲೆಗಿಟ್ಟು, ಕತ್ತರಿಸಿದ ಬಟ್ಟೆಯನ್ನೇ ಮುಂದಿನ ಬಟ್ಟೆಯ ಮೇಲೆ ಇಟ್ಟು ಸುತ್ತ ಸೀಮೆಸುಣ್ಣದ ಗೆರೆ ಎಳೆದೆ. ಒಂದೊಂದು ಅಂಗಿಗೂ ಒಂದು ಗೆರೆಯಷ್ಟು ಬೆಳೆದು, ಮೊದಲನೆಯದು ಹತ್ತು ವರ್ಷದ ಹುಡುಗನಿಗೆ, ಮೂವತ್ತಾರನೆಯದು ಅವನ ಮಾವನಿಗೆ ಆಗುವಂತಿತ್ತು. ನಾನು ಮೊದಲನೆಯದನ್ನೂ ಕೊನೆಯದನ್ನೂ ಅಂಗಡಿಯ ಬಾಗಿಲಿಗೆ ಜೋಡಿಯಾಗಿ ನೇತುಹಾಕಿದೆ. ಎಂಟು ದಿನ. ಏನಿದು ಎಂದು ಕೇಳಿದವರಿಗೆಲ್ಲ, ನನ್ನ ಮಗಳ ಕೈಕೆಲಸ ಎಂದೆ. ನಿನಗೆ ಕೇಳಿಸುವಂತೆಯೇ ಎಂದೆ. ಒಂಬತ್ತನೆಯ ದಿನ ನೀನು ಪೆಟ್ಟಿಗೆ ತೆಗೆದುಕೊಂಡು ಆ ಎರಡು ಅಂಗಿಗಳ ನಡುವೆ ಹಾದು ಹೋದೆ. ನಾನು ಮೇಜಿನಿಂದ ಏಳಲಿಲ್ಲ. ಬಟ್ಟೆ ಹಾಳಾದರೆ ನಷ್ಟ ಎಂದು ಕೂಗಾಡಿದೆನಲ್ಲ, ಅಂಗಿ ದೊಡ್ಡದಾದರೆ ಯಾರ ಕತ್ತೂ ಸಿಕ್ಕಿಕೊಳ್ಳುವುದಿಲ್ಲ. ನಿನ್ನದು ಬೆಳೆಯುವ ತಪ್ಪು, ನನ್ನದು ಸವೆಯುವ ತಪ್ಪು. ನನ್ನ ಮೊದಲನೆಯ ಕಂಬವನ್ನೂ ಮುರಿದ ಇಪ್ಪತ್ತನಾಲ್ಕನೆಯದನ್ನೂ ಬಾಗಿಲಿಗೆ ನೇತುಹಾಕುವವರು ಇಲ್ಲಿ ಯಾರೂ ಇಲ್ಲ, ಎಲ್ಲರೂ ನನಗೆ ಹೆದರುತ್ತಾರೆ. ಆದ್ದರಿಂದ ನಿನ್ನೆ ಸಂಜೆ ನಾನೇ ನೇತುಹಾಕಿದೆ. ನೇತಾಡುತ್ತಿವೆ. ಆ ಮೂವತ್ತಾರನೆಯ ಅಂಗಿಯನ್ನು ನಿಮ್ಮಪ್ಪ ಬಿಸಾಕಲು ಬಿಡಲಿಲ್ಲ. ಅವರಿಗೆ ಸರಿಯಾಗಿ ಹೊಂದಿತು. ಇವತ್ತೂ ಅದನ್ನೇ ಹಾಕಿಕೊಂಡು ಕೂತಿದ್ದಾರೆ. ಭುಜದ ಹೊಲಿಗೆ ಇನ್ನೂ ಬಿಟ್ಟಿಲ್ಲ.

ಮೆಟ್ಟಿಲನ್ನು ಹಲಗೆ ಹೊಡೆದು ಮುಚ್ಚಬಹುದಲ್ಲ ಎನ್ನುತ್ತೀಯ. ಮುಚ್ಚಿದರೆ ನೀವು ಮಲಗುವುದೆಲ್ಲಿ? ಕೆಳಗೆ ಕತ್ತರಿ, ಸೂಜಿ, ಕೆಂಡದಂಥ ಇಸ್ತ್ರಿಪೆಟ್ಟಿಗೆ. ಕಂಬಗಳನ್ನೆಲ್ಲ ಕಿತ್ತು ಹೊಸದಾಗಿ ಕಡೆಯಬೇಕು, ವಾರಕ್ಕೊಂದರಂತೆ ಮಾಡಿದರೆ ಇನ್ನೂ ಆರು ತಿಂಗಳು. ಅಲ್ಲಿಯವರೆಗೆ ನಿಮ್ಮಪ್ಪನನ್ನು ಕಾಯುವುದೇ ನನಗೆ ಸಾಕಾಗಿದೆ. ಅವರ ಕಣ್ಣಿನ ಆಪರೇಷನ್ನಿಗೆ ನಾನೊಬ್ಬಳೇ ಸಾಲುತ್ತೇನೆ. ನಿನಗೆ ಬರಲೇಬೇಕೆನಿಸಿದರೆ ಮಗುವನ್ನು ಅಳಿಯಂದಿರ ಹತ್ತಿರ ಬಿಟ್ಟು ಬಾ, ಎರಡು ದಿನ ಇದ್ದು ಹೋಗು. ಹುಟ್ಟಿದಾಗಿನಿಂದ ನೋಡದ ಮಗುವನ್ನು ಇನ್ನಾರು ತಿಂಗಳು ನೋಡದಿದ್ದರೆ ನಾನೇನೂ ಕರಗಿಹೋಗುವುದಿಲ್ಲ.

ಅಳಿಯಂದಿರಿಗೆ ನನ್ನ ನೆನಪು ತಿಳಿಸು. ಭಾರ ಎತ್ತದಿರಲಿ. ಮಗುವಿನ ನೆತ್ತಿಯ ಮೇಲೆ ನನ್ನ ಹೆಸರಿನಲ್ಲಿ ಒಂದು ಸಲ ಕೈಯಿಡು. ನಿಮ್ಮಪ್ಪ ರೇಡಿಯೋ ನಿಲ್ಲಿಸಿ, ಏನು ಬರೀತಿದೀಯ ಎಂದು ಕೇಳುತ್ತಿದ್ದಾರೆ. ಎಲ್ಲ ಬರೆದಿದ್ದೇನೆ ಎಂದೆ. ನಂಬಲಿಲ್ಲ.

ನಿನ್ನ
ಅಮ್ಮ

ಸೋಮವಾರ ಬೆಳಿಗ್ಗೆ, ಮರೆಯುವ ಮೊದಲು: ಲಕೋಟೆಗೆ ಅಂಟು ಹಚ್ಚುತ್ತಿದ್ದೆ, ಮೇಸ್ತ್ರಿ ಬಂದ. ಟಪಾಲಿಗೆ ಹೊತ್ತಾಯಿತು, ಬೇಗ ಬರೆಯುತ್ತೇನೆ. "ಹಟ ಬಿಡಿ ಅಮ್ಮಾವ್ರೇ, ನಾನು ದಿನಕ್ಕೆ ಆರು ಕಂಬ ಇಳಿಸ್ತೀನಿ, ಉಜ್ಜೋದು ನಿಮ್ಮದು" ಎಂದ. ಒಪ್ಪಿದೆ. ನಾನು ಒಪ್ಪಿದೆನೆಂದು ನಿಮ್ಮಪ್ಪ ಎರಡು ಸಲ ಕೇಳಿ ಖಚಿತ ಮಾಡಿಕೊಂಡರು. ಈ ಸಲ ಸಂದಿ ಎಷ್ಟಿರಬೇಕೆಂದು ಮೇಸ್ತ್ರಿ ಕೇಳಿದ. ಹಳೆಯ ತಾಯಿಯದೇ, ಮೂರು ಇಂಚು ಎಂದೆ. "ಆ ತಾಯಿ ಯಾವ ಕಾಲದ್ದೋ. ಮನೆಗೆ ಬರೋ ಮಗುವಿನ ಮೈ ಎಷ್ಟಿದೆ ಹೇಳಿ. ಮೈ ತೂರದಿದ್ರೆ ಸಾಕು, ತಲೆಗೆ ಭಯ ಇಲ್ಲ" ಎಂದ. ಈ ಬೀದಿಯ ಯಾವ ಮಗುವಿನ ಎದೆಯ ಅಳತೆ ಕೇಳಿದರೂ ಬಾಯಲ್ಲಿ ಹೇಳುತ್ತೇನೆ. ನನ್ನ ಮೊಮ್ಮಗುವಿನದು ಗೊತ್ತಿಲ್ಲ. ನೀನು ಅಪ್ಪನಿಗೆ ಕಳಿಸಿದ ಫೋಟೋ ತೆಗೆದು ನೋಡಿದೆ. ಮಗು ಕುರ್ಚಿಯಲ್ಲಿ ಕೂತಿದೆ, ಪಕ್ಕದಲ್ಲಿ ಅಳತೆ ಹಿಡಿಯಲು ಸಿಗುವಂಥದ್ದು ಏನೂ ಇಲ್ಲ.

ಮಗು ಅಂಗಾತ ಮಲಗಿ ನಿದ್ದೆ ಹೋದಾಗ, ಎದೆಯ ಮೇಲೆ ಒಂದು ಹಗುರ ಪುಸ್ತಕವಿಟ್ಟು, ಪುಸ್ತಕದ ಅಡಿಯಿಂದ ನೆಲದವರೆಗೆ ಒಂದು ದಾರ ಹಿಡಿ. ಹಾಸಿಗೆಯ ಮೇಲೆ ಬೇಡ, ನೆಲದ ಮೇಲೆ. ಅಂಗಿ ಬಿಚ್ಚಿರಲಿ. ಉಸಿರು ಎಳೆದುಕೊಂಡಾಗ ಅಲ್ಲ, ಬಿಟ್ಟಾಗ ಹಿಡಿ. ಅಂಗಿಗಾದರೆ ನಾನು ಯಾವಾಗಲೂ ಎಳೆದಾಗಿನದು ಹಿಡಿಯುತ್ತಿದ್ದೆ, ಇದಕ್ಕೆ ಬಿಟ್ಟಾಗಿನದೇ, ಮೈ ಅತಿ ಸಣ್ಣಗಿರುವುದು ಆಗಲೇ. ದಾರಕ್ಕೆ ಗಂಟು ಹಾಕಬೇಡ, ಗಂಟು ಅಳತೆಯನ್ನು ತಿನ್ನುತ್ತದೆ. ಅಷ್ಟಕ್ಕೇ ಕತ್ತರಿಸಿ ಲಕೋಟೆಯಲ್ಲಿಟ್ಟು ಕಳಿಸು. ನಿನಗೆ ಏನೂ ಬರೆಯಲು ಮನಸ್ಸಿಲ್ಲದಿದ್ದರೆ ಬರೆಯಬೇಡ, ದಾರ ಸಾಕು. ಹದಿನೈದರೊಳಗೆ ಬಂದರೆ ಹತ್ತೊಂಬತ್ತಕ್ಕೆ ಕಂಬಗಳೆಲ್ಲ ನಿಂತಿರುತ್ತವೆ. ಕಾಗದದ ಮೊದಲಲ್ಲಿ 'ಬರಬೇಡ' ಎಂದು ಬರೆದ ಜಾಗದಲ್ಲಿ ಗೆರೆ ಎಳೆದುಬಿಡು. ಮಗುವನ್ನು ಕರೆದುಕೊಂಡು ಇಪ್ಪತ್ತಕ್ಕೇ ಬಾ. ಆ ದಾರವನ್ನು ಮೊಳೆಗೆ ನೇತುಹಾಕುತ್ತೇನೆ. ಪ್ರತಿಯೊಂದು ಸಂದಿಯನ್ನೂ ಅದರಿಂದಲೇ ಅಳೆಯುತ್ತೇನೆ, ಇಪ್ಪತ್ತೈದು ಸಲ.